ಸೋದರಮಾವನ ತೊಡೆ

ಹಲಸೂರು
ಜುಲೈ ೨೦೦೪

ನನ್ನ ಸೊಸೆ ಶಾಂಭವಿಗೆ,

ನಿನಗೆ ನಾಲ್ಕೂವರೆ ವರ್ಷ. ಇನ್ನೂ ಮಾತು ಬಂದಿಲ್ಲ, ಓದಂತೂ ದೂರವೇ ಉಳಿಯಿತು. ಆದರೂ ನಿನಗೇ ಬರೆಯುತ್ತಿದ್ದೇನೆ. ಬೇರೆ ಯಾರಿಗೆ ಹೇಳಿದರೂ “ಹೋಗ್ಲಿ ಬಿಡಪಾ, ಹುಡುಗ್ರು ಮರೀತಾವ” ಎಂದುಬಿಡುತ್ತಾರೆ. ನೀನು ಮರೆತಿಲ್ಲ ಎಂಬುದು ನನಗೆ ಗೊತ್ತು. ನಾನು ಜಟ್ಟೆಪ್ಪ, ನಿಮ್ಮವ್ವ ಯಂಕಮ್ಮನ ತಮ್ಮ. ಈ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ನಿಮ್ಮ ಜೊತೆಗಿದ್ದು ಟೈಲ್ಸ್ ಕೆಲಸಕ್ಕೆ ಹೋಗುವವನು.

ಹೋದ ದೀಪಾವಳಿ ಮುಗಿದ ಮೇಲೆ ದೊಡ್ಡಾಸ್ಪತ್ರೆಯ ಡಾಕ್ಟರು ನಿನಗಿರುವುದು ಆಟಿಸಂ ಎಂದು ಹೇಳಿ, ಇಂದಿರಾನಗರದಲ್ಲಿ ನಾಜಿಶ್ ಟೀಚರ್ ನಡೆಸುವ ಆಟದ ಕೋಣೆಗೆ ಚೀಟಿ ಬರೆದುಕೊಟ್ಟರು. ಟೀಚರ್ ನಮ್ಮನ್ನೆಲ್ಲ ಚಾಪೆಯ ಮೇಲೆ ಕೂರಿಸಿದರು. “ಮನೆಯವರು ಒಬ್ಬೊಬ್ರೂ ದಿನಾ ಅರ್ಧ ಗಂಟೆ ಇವಳ ಜೊತೆ ಆಡ್ಬೇಕು. ಕರೀಬೇಡಿ, ನೀವೇ ಹೋಗಿ ಪಕ್ಕದಲ್ಲಿ ಕೂತ್ಕೊಳ್ಳಿ. ಅವಳೇನ್ ಮಾಡ್ತಾಳೋ ಅದನ್ನೇ ಮಾಡಿ” ಎಂದರು. ನಿಮ್ಮಪ್ಪ ಶಿವಪುತ್ರ ಹೊರಗೆ ಬಂದು ಬೀಡಿ ಹಚ್ಚಿ, “ಆಟ ಆಡಾಕ ನಾ ಏನ್ ಕೂಸೇನು?” ಎಂದು ನಕ್ಕ. ನಿಮ್ಮವ್ವನಿಗೆ ನಾಲ್ಕು ಮನೆಯ ಪಾತ್ರೆ, ಬಟ್ಟೆ. ಹೀಗಾಗಿ ಆಟ ನನ್ನ ಪಾಲಿಗೆ ಬಂತು.

ಕೆಲಸದಲ್ಲಿ ಉಳಿದ ಟೈಲ್ಸ್ ಚೂರುಗಳ ಅಂಚನ್ನು ಕಲ್ಲಿಗೆ ಉಜ್ಜಿ ನುಣುಪು ಮಾಡಿ ತಂದೆ. ನೀನು ಗೋಡೆಯುದ್ದಕ್ಕೂ ಸಾಲಿಟ್ಟೆ. ದೇವರಾಣೆ, ನಮ್ಮ ಮೇಸ್ತ್ರಿ ಹಾಕಿದ ಸಾಲೂ ಅಷ್ಟು ನೇರ ಬರುವುದಿಲ್ಲ. ನಾನೂ ಪಕ್ಕದಲ್ಲಿ ಒಂದು ಸಾಲಿಟ್ಟೆ. ತಿಂಗಳಾದರೂ ನೀನು ನನ್ನ ಕಡೆ ನೋಡಲಿಲ್ಲ. ಆಮೇಲೆ ನಾನು ನಿನ್ನ ಸಾಲಿಗೇ ಒಂದು ಚೂರು ಸೇರಿಸಿದೆ, ನೀನು ತೆಗೆದೆಸೆದೆ. ಮರುದಿನವೂ ಎಸೆದೆ. ಒಂದು ದಿನ ಎಸೆಯಲಿಲ್ಲ. ಸಂಕ್ರಾಂತಿ ಹೊತ್ತಿಗೆ ಮುಂದಿನ ಚೂರಿಗಾಗಿ ನನ್ನತ್ತ ಕೈ ಚಾಚಿದೆ. ಯುಗಾದಿ ಕಳೆದ ವಾರ, ನಾನು ಕರೆಯದೆಯೇ, ಬಂದು ನನ್ನ ತೊಡೆಯ ಮೇಲೆ ಕೂತೆ. ಹೆತ್ತವ್ವನ ಹತ್ತಿರವೂ ಹಾಗೆ ಕೂತವಳಲ್ಲ ನೀನು. ಕಾಲು ಜೋಮು ಹಿಡಿದರೂ ನಾನು ಅಲುಗಾಡಲಿಲ್ಲ. ಆಮೇಲೆ ವಠಾರಕ್ಕೆಲ್ಲ ಡಂಗುರ ಸಾರಿಕೊಂಡು ಬಂದೆ. ಪಕ್ಕದ ಮನೆಯ ಖುರ್ಷೀದಾ ಆಪಾ ಒಂದು ಹಿಡಿ ಸಕ್ಕರೆ ತಂದು ನನ್ನ ಬಾಯಿಗೇ ಹಾಕಿದರು.

ಮೇ ತಿಂಗಳಲ್ಲಿ ನಿಮ್ಮಪ್ಪನ ತಾಯಿ ಲಕ್ಷ್ಮಿದೇವಿ ಊರಿಂದ ಬಂದರು. “ಹುಟ್ಟುಗೂದ್ಲು ಹೊತ್ಕೊಂಡು ಕುಂತೈತಿ ಕೂಸು, ಮಾತು ಹೆಂಗ ಬರ್ತದ? ಆಷಾಢ ಬರೂದ್ರಾಗ ಜವಳ ಮುಗಸ್ರಿ” ಎಂದರು. ಒಂದನೇ ವರ್ಷ ಮನೆಯಲ್ಲಿ ಸೂತಕವಿತ್ತು. ಮೂರನೇ ವರ್ಷ ನೀನು ಕತ್ತರಿ ಕಂಡು ಕಿರುಚಿದ್ದೆ, ಬಿಟ್ಟಿದ್ದರು. ಜವಳವೆಂದರೆ ಮಗುವನ್ನು ಸೋದರಮಾವನ ತೊಡೆಯ ಮೇಲೆ ಕೂರಿಸಿಯೇ ಮೊದಲ ಕೂದಲು ತೆಗೆಸಬೇಕು. ನಾಜಿಶ್ ಟೀಚರ್ ಬೇಡವೆನ್ನಲಿಲ್ಲ. “ಎರಡು ತಿಂಗಳು ಕೊಡಿ. ಮೊದಲು ಗೊಂಬೆಗೆ ಕಟಿಂಗ್ ಮಾಡೋ ಆಟ ಆಡಿ, ಕತ್ತರಿ ಸದ್ದು ಅಭ್ಯಾಸ ಆಗ್ಲಿ” ಎಂದರಷ್ಟೇ. ನಾವಿನ್ನೂ ಗೊಂಬೆಯ ತಲೆ ಬಾಚುವುದರಲ್ಲೇ ಇದ್ದೆವು, ಅಷ್ಟರಲ್ಲಿ ಮನೆಯವರು ಜವಳದ ದಿನ ಗೊತ್ತುಮಾಡಿಬಿಟ್ಟರು.

ಸೋದರಮಾವ ಒಲ್ಲೆನೆಂದರೆ ಜವಳ ನಿಲ್ಲುತ್ತಿತ್ತು. ನಾನು ಒಲ್ಲೆನೆನ್ನಲಿಲ್ಲ. ನಿನಗೆ ಹಸಿರು ಲಂಗ, ಬೆಳ್ಳಿ ಕಾಲ್ಗೆಜ್ಜೆ ತಂದಾಗಿತ್ತು, ನನಗೆ ಹೊಸ ಧೋತರ ಬಂದಿತ್ತು. ಸಾಲದ್ದಕ್ಕೆ ನೆಂಟರ ಮುಂದೆ, “ನನ್ನ ತೊಡಿ ಅಂದ್ರ ಕೂಡ್ತಾಳ, ನೀವ್ ಚಿಂತಿ ಬಿಡ್ರಿ” ಎಂದು ಜಂಬ ಕೊಚ್ಚಿಕೊಂಡೆ.

ಜವಳದ ಬೆಳಿಗ್ಗೆ ಕ್ಷೌರದ ಅಮೃತಪ್ಪ ಪೆಟ್ಟಿಗೆ ತೆರೆಯುತ್ತಲೇ ನೀನು ಮಂಚದ ಕೆಳಗೆ ಸೇರಿದೆ. ಎಳೆದರೂ ಬರಲಿಲ್ಲ. ಆಮೇಲೆ ನಾನು ಮಾಡಿದ್ದನ್ನು ಯಾರೂ ನನಗೆ ಹೇಳಿಕೊಟ್ಟಿರಲಿಲ್ಲ. ಟೈಲ್ಸ್ ಚೂರುಗಳನ್ನು ತಂದು ಚಾಪೆಯ ಮೇಲೆ ಸಾಲಿಟ್ಟು ಸುಮ್ಮನೆ ಕೂತೆ. ನೀನು ಬಂದೆ. ಒಂದು ಚೂರು ಇಟ್ಟು ತೊಡೆಯ ಮೇಲೆ ಕೂತೆ. ಮುಂದಿನ ಚೂರಿಗೆ ನೀನು ಕೈ ಚಾಚಿದಾಗ ನಾನು ಆ ಕೈಯನ್ನೇ ಹಿಡಿದುಕೊಂಡೆ. ನಿನ್ನ ಕಾಲುಗಳನ್ನು ನನ್ನ ಕಾಲಲ್ಲಿ ಅಮುಕಿದೆ. “ಗಟ್ಟಿ ಹಿಡಿಯೋ” ಎಂದರು ನೆಂಟರು, ಇನ್ನೂ ಗಟ್ಟಿಯಾಗಿ ಹಿಡಿದೆ. ನೀನು ಕಿರುಚಿದೆ, ನನ್ನ ಕೈ ಕಚ್ಚಿದೆ. ಅರ್ಧ ತಲೆ ಆಗುವಷ್ಟರಲ್ಲಿ ಸದ್ದು ನಿಂತಿತು. “ನೋಡ್ರಿ, ಶಾಣೆ ಆದ್ಲು” ಎಂದರು ಎಲ್ಲರೂ. ನಿನ್ನ ಕಣ್ಣುಗಳು ತೆರೆದಿದ್ದವು, ಆದರೆ ಏನನ್ನೂ ನೋಡುತ್ತಿರಲಿಲ್ಲ. ಆಮೇಲೆ ಹೋಳಿಗೆ ಊಟ. ನಾನೂ ಉಂಡೆ, ಎರಡು ಸಲ ತುಪ್ಪ ಹಾಕಿಸಿಕೊಂಡೆ.

ಮಾತು ಬರಲಿಲ್ಲ. ಚೂರುಗಳನ್ನು ನೀನು ಮತ್ತೆ ಮುಟ್ಟಲಿಲ್ಲ. ಟೀಚರ್ ಹತ್ತಿರ ಹೋಗಿ ಎಲ್ಲ ಹೇಳಿದೆ. ಬೈದಿದ್ದರೆ ಚೆನ್ನಾಗಿತ್ತು, ಬೈಯಲಿಲ್ಲ. “ಆಟ ನಿಲ್ಲಿಸ್ಬೇಡಿ. ಸ್ವಲ್ಪ ದಿನ ಬೇರೆ ಯಾರಾದ್ರೂ ಕೂತ್ಕೊಳ್ಳಲಿ, ಬೇರೆ ಸಾಮಾನು ಇಟ್ಕೊಳ್ಳಿ” ಎಂದರು. ಅಂದಿನಿಂದ ನನಗೆ ಅಳುವೂ ಬರುತ್ತಿಲ್ಲ, ಸಿಟ್ಟೂ ಬರುತ್ತಿಲ್ಲ. ಸಿಮೆಂಟು ಕಲಸುತ್ತೇನೆ, ಟೈಲ್ಸ್ ಕೂರಿಸುತ್ತೇನೆ, ಮನೆಗೆ ಬರುತ್ತೇನೆ. ಯಂಕಮ್ಮ ಸಾರಿಗೆ ಉಪ್ಪು ಹಾಕಿದ್ದಾಳೋ ಇಲ್ಲವೋ ಎಂಬುದೂ ತಿಳಿಯುತ್ತಿಲ್ಲ.

ನಿಮ್ಮಪ್ಪನನ್ನು ಹೊರಗಿನ ಕಟ್ಟೆಯ ಮೇಲೆ ಕೂರಿಸಿ ಬಟ್ಟೆ ಕ್ಲಿಪ್ಪುಗಳಲ್ಲಿ ಆಟ ಕಲಿಸಿದೆ. “ಕರೀಬ್ಯಾಡ. ಆಕಿ ಎಸೆದ್ರ ಸುಮ್ನ ಕೂಡು” ಎಂದೆ. ಈ ಸಲ ಅವನು ನಗಲಿಲ್ಲ. “ನಾನೇ ಮೊದಲ ಕೂತಿದ್ರ ಹಿಂಗಾಗ್ತಿತ್ತೇನೋ ಜಟ್ಟೆಪ್ಪ?” ಎಂದು ಕೇಳಿದ. ಕ್ಲಿಪ್ಪುಗಳ ಡಬ್ಬಿಯನ್ನು ಅವನ ಕೈಗಿಟ್ಟೆ. ಅವನು ಒಂದು ದಿನವೂ ತಪ್ಪಿಸದೆ ಕೂತ. ನಿನ್ನೆ ಸಂಜೆ ನೀನು ಮುಂದಿನ ಕ್ಲಿಪ್ಪಿಗಾಗಿ ಅವನತ್ತ ಕೈ ಚಾಚಿದ್ದನ್ನು ಕಿಟಕಿಯಿಂದ ನೋಡಿದೆ. ಸಂತೋಷವಾಗಬೇಕಿತ್ತು, ಏನೂ ಆಗಲಿಲ್ಲ. ನೀರು ಕುಡಿಯಲೆಂದು ಒಳಗೆ ಕಾಲಿಟ್ಟೆ. ನೀನು ನನ್ನನ್ನು ಕಂಡವಳೇ ಎರಡೂ ಕೈಯಿಂದ ತಲೆ ಮುಚ್ಚಿಕೊಂಡು ಮಂಚದ ಕೆಳಗೆ ಹೋದೆ. ರಾತ್ರಿ ಊಟಕ್ಕೂ ಹೊರಗೆ ಬರಲಿಲ್ಲ. ನಿಮ್ಮಪ್ಪ ಕ್ಲಿಪ್ಪುಗಳನ್ನು ಆರಿಸಿ ಡಬ್ಬಿಗೆ ಹಾಕಿದ.

ನಾಳೆ ಹೊರಮಾವಿಗೆ ಹೋಗುತ್ತಿದ್ದೇನೆ. ಅಲ್ಲಿ ಅಪಾರ್ಟ್‌ಮೆಂಟ್ ಏಳುತ್ತಿದೆ, ಕೆಲಸದವರಿಗೆ ಶೆಡ್ ಇದೆ. ನಿಮ್ಮವ್ವನಿಗೆ ದೊಡ್ಡ ಕೆಲಸ ಸಿಕ್ಕಿತೆಂದು ಹೇಳಿದ್ದೇನೆ. ನಂಬಲಿಲ್ಲ ಅವಳು, ಆದರೆ ಇರು ಎಂದೂ ಅನ್ನಲಿಲ್ಲ. ಅಪ್ಪನ ಜೊತೆ ನಿನ್ನ ಆಟ ನಡೆಯಬೇಕಾದರೆ ನಾನು ಈ ಬಾಗಿಲಲ್ಲಿ ಕಾಣಿಸಿಕೊಳ್ಳಬಾರದು.

ಹೊರಡುವವರು ಮಕ್ಕಳ ತಲೆ ಮುಟ್ಟಿ ಹರಸಿ ಹೋಗುವುದು ನಮ್ಮ ಕಡೆಯ ಪದ್ಧತಿ. ನಾನು ಮುಟ್ಟುವುದಿಲ್ಲ. ನೀನು ಏಳುವ ಮೊದಲೇ ಹೋಗುತ್ತೇನೆ. ನಿನ್ನ ಕೈ ಆಟಕ್ಕೆ ಚಾಚಲಿ ತಾಯಿ, ತಲೆ ಮುಚ್ಚಿಕೊಳ್ಳುವ ಗತಿ ಅದಕ್ಕೆ ಬಾರದಿರಲಿ.

ದೂರದಿಂದಲೇ ಹರಸುವ ನಿನ್ನ ಸೋದರಮಾವ,
ಜಟ್ಟೆಪ್ಪ