ಎರಡನೇ ಒಪ್ಪಿಗೆ

ನನಗೆ ಕೆಲಸ ಕಲಿಸಿದ ಶ್ರೀಧರಣ್ಣನವರಿಗೆ,

ಜಯನಗರದ ಆಫೀಸಿನಲ್ಲಿ ನಿಮ್ಮ ಫೋಟೊಗೆ ಹಾರ ಹಾಕಿ ತೂಗಿದ್ದಾರೆ. ಅದರಲ್ಲೂ ಎಲ್ಲದಕ್ಕೂ ಹೂಂ ಅನ್ನುವ ಮುಖವೇ. ನಾನು ನಂಬಿದ್ದು ಆ ಮುಖವನ್ನಲ್ಲವೇ?

ರೇಣುಕಾ ಸೇರಿದ ವಾರ ನೆನಪಿದೆಯಾ? ರಾಯಚೂರು ಕಡೆಯವಳು, ಬಿಟಿಎಂ ಬಡಾವಣೆಯಲ್ಲಿ ಬಾಡಿಗೆ ಕೋಣೆ. ನಮ್ಮ ಸಾಫ್ಟ್‌ವೇರಿನಲ್ಲಿ ಒಂದು ಸರ್ವರಿನ ಮಾಹಿತಿಯನ್ನು ಇನ್ನೊಂದು ನಕಲು ಮಾಡಿಕೊಳ್ಳುತ್ತದೆ, ಅಷ್ಟೇ. ಅವೆರಡಕ್ಕೆ ಇಂಗ್ಲಿಷಿನವರು ಮಾಸ್ಟರ್, ಸ್ಲೇವ್ ಅಂದರು. ನಮ್ಮ ಕನ್ನಡ ಕೈಪಿಡಿ ಭಕ್ತಿಯಿಂದ ‘ಯಜಮಾನ’, ‘ಆಳು’ ಅಂದಿತು. ಅದನ್ನೋದಿ ಅವಳು, “ಸರ, ನಮ್ಮಜ್ಜ ಜೀತಕ್ಕಿದ್ದವ. ಊರಾಗ ಅವನಿಗೆ ಹೆಸರಽ ಇರಲಿಲ್ಲ, ಬರೇ ಆಳು. ಇಲ್ಲಿ ಕಂಪ್ಯೂಟರಿಗೂ ಆಳು ಬೇಕೇನ್ರಿ?” ಎಂದಳು. ನೀವು ಕುರ್ಚಿ ತಿರುಗಿಸಿ, “ತೆಗೆದೇಬಿಡೋಣಮ್ಮ. ಕವಿಗಳೇ, ನೀವು ಬದಲಾಯಿಸಿ, ನಾನು ಒಪ್ತೀನಿ” ಅಂದಿರಿ. ನನ್ನ ಪ್ರಾಸದ ಹುಚ್ಚಿಗೆ ನೀವಿಟ್ಟ ಬಿರುದು ಕವಿ.

ಕೈಪಿಡಿ, ಕೋಡು ಎರಡರಲ್ಲೂ ಹುಡುಕಿ ಹುಡುಕಿ ‘ಮೂಲ’, ‘ಪ್ರತಿ’ ಎಂದು ಬರೆದೆ. ಬರೆದವನ ಜೊತೆ ಇನ್ನೊಬ್ಬರು ಒಪ್ಪದೆ ನಮ್ಮಲ್ಲಿ ಒಂದು ಅಲ್ಪವಿರಾಮವೂ ಅಲುಗದು. ಆ ಎರಡನೇ ಒಪ್ಪಿಗೆ ನಿಮ್ಮದು. ಒತ್ತಿದಿರಿ. ಅಂದು ನಾಲ್ಕನೇ ಬ್ಲಾಕಿನಲ್ಲಿ ಕಾಫಿ ಕೊಡಿಸಿದ್ದೂ ನೀವೇ.

ಸೋಮವಾರದ ಮೀಟಿಂಗ್. ರೇಣುಕಾ ಇರಲಿಲ್ಲ. “ಯಾವ ಗಿರಾಕಿ ಕೇಳಿದ್ದ ಇದನ್ನ?” ಎಂದರು ಮ್ಯಾನೇಜರ್. ನಾನು ನಿಮ್ಮ ಕಡೆ ನೋಡಿದೆ. “ಇವೆಲ್ಲ ನಮ್ಮ ಕವಿಗಳ ಹುಚ್ಚು ಸಾರ್. ನಾನು ನೋಡ್ದೇನೇ ಒತ್ಬಿಟ್ಟೆ, ವಾಪಸ್ ತಗೋತೀನಿ” ಅಂದಿರಿ. ಎಲ್ಲರೂ ನಕ್ಕರು. ನೀವೂ. ಕೊಟ್ಟದ್ದು ಮಾತು, ಉಳಿದದ್ದು ತೂತು! ಅಂದೇ ‘ಆಳು’ ವಾಪಸ್ ಬಂತು; ಮ್ಯಾನೇಜರ್ ಒಪ್ಪಲಿಲ್ಲ ಎಂದಷ್ಟೇ ರೇಣುಕಾಗೆ ಗೊತ್ತಾಯಿತು. ಮೆಟ್ಟಿಲಲ್ಲಿ ಹೆಗಲ ಮೇಲೆ ಕೈಯಿಟ್ಟು, “ಒಂದು ಪದಕ್ಕೆ ಇಷ್ಟು ಮುನಿಸಾ ಮಾರಾಯಾ?” ಎಂದಿರಿ. ಒಂದು ಪದಕ್ಕೆ ಅಲ್ಲ ಅಣ್ಣ, ನಿಮ್ಮ...

ನೀವು ಮಲಗಿದ್ದ ಬನಶಂಕರಿಯ ಆಸ್ಪತ್ರೆಗೆ ನಾನು ಬಂದಾಗಲೂ ಆ ಬಗ್ಗೆ ನಿಮ್ಮದೊಂದು ಮಾತಿಗೆ ಕಾದೆ. ಇಡ್ಲಿ ಗಟ್ಟಿಯಾಗಿದೆ ಎಂದಿರಿ. ಅದೊಂದೇ ದೂರು. ನನ್ನದನ್ನು ಕೇಳಲು ನೀವು ಉಳಿಯಲೂ ಇಲ್ಲ.

ಈಗ ನಿಮ್ಮ ಕುರ್ಚಿ ರೇಣುಕಾಳದು, ಎರಡನೇ ಒಪ್ಪಿಗೆಯೂ ಅವಳದೇ. ಮ್ಯಾನೇಜರ್ ಬದಲಾಗಿದ್ದಾರೆ. ಮೊನ್ನೆ ಹಳೆಯ ತಿದ್ದುಪಡಿ ಮತ್ತೆ ಕಳಿಸಿದೆ. ಓದಿ ಎದ್ದು ಬಂದಳು. “ಸರ, ಇದರ ಟಿಪ್ಪಣ್ಯಾಗ ಶ್ರೀಧರ್ ಸರ್ ಹೆಸರು ಹಾಕೂಣೇನ್ರಿ? ಪಾಪ, ಮೊದಲ ಮಾತು ಕೊಟ್ಟವರು ಅವರಽ ಅಲ್ಲೇನು?”

ಬೇಡ ಅಂದೆ. ಯಾಕ್ರಿ ಅಂದಳು. ಸೋಮವಾರದ್ದನ್ನು ಪೂರ್ತಿ ಹೇಳಿದೆ.

ಅವಳು ನಿಮ್ಮ ಫೋಟೊ ನೋಡಲಿಲ್ಲ. ನಿಮ್ಮ ಕುರ್ಚಿಯಲ್ಲಿ ಕೂತು ಒಪ್ಪಿಗೆ ಒತ್ತಿದಳು. ‘ಆಳು’ ಹೋಯಿತು ಅಣ್ಣ. ಕಾರಣ ಎಂಬಲ್ಲಿ ಅವಳು ಬರೆದದ್ದು ತನ್ನ ಅಜ್ಜನ ಹೆಸರು.