ಗವರ್ನರನಿಗೆ ಬಾರದ ಉತ್ತರ

ಮಾರ್ಚ್ 6, 2001
ಇವತ್ತು ನಲವತ್ತೊಂದು ಕಾಗದ. ಸ್ಕ್ಯಾನು, ಇಂಗ್ಲಿಷ್ ಅನುವಾದ ಓದು, ಎರಡು ಸಾಲಿನ ಸಾರಾಂಶ ಟೈಪು. ಇನ್ನೂರು ವರ್ಷದ ಹಿಂದೆ ಸ್ಪೇನಿನ ದೊರೆ, ನಾವೀಗ ಕೆಲಸಕ್ಕೆ ಬಂದಿರೋ ಈ ಸೀಮೆಗೆ ಕಳಿಸಿದ್ದ ಗವರ್ನರ್ ಬರೆದವು. ಮ್ಯೂಸಿಯಂ ಒಂದರ ವೆಬ್‌ಸೈಟಿಗೆ. ಪಾಪ... ಕುದುರೆ ಸಾಲದು, ಸೈನಿಕರಿಗೆ ಬಟ್ಟೆ ಇಲ್ಲ ಅಂತ ಮೆಕ್ಸಿಕೋದಲ್ಲಿರೋ ವೈಸರಾಯ್‌ಗೆ ಬರೀತಾನೇ ಇದ್ದಾನೆ. ಕಾಯಿಲೆ, ಊರಿಗೆ ಹೋಗಲು ಅಪ್ಪಣೆ ಕೊಡಿ— ಆರು ಸಲ ಕೇಳಿದ್ದಾನೆ. ಅದೊಂದಕ್ಕೆ ಮಾತ್ರ ಉತ್ತರ ಫೈಲಿನಲ್ಲಿಲ್ಲ.

ಊಟದ ಹೊತ್ತಿಗೆ ಮಧುಕರ್ ಹಾಜರು. ಹೆಂಡತಿ ಬಿಂದುಶ್ರೀಯ ತಮ್ಮ. ಈ ಕಂಪನಿಗೆ ನಾನೇ ಸೇರಿಸಿದ್ದು.
"ಭಾವ, ಗವರ್ನರಪ್ಪ ಇವತ್ತು ಏನಂದ?"

ಮಾರ್ಚ್ 23
ಇನ್ನೂ ಮೂರು ಜನರ ಕೆಲಸ ಹೋಗಿ ಕ್ಯೂಬಿಕಲ್ ಖಾಲಿ. ನಾನು, ಮಧು ಇರೋ ಪ್ರಾಜೆಕ್ಟಿನಲ್ಲೂ ಒಬ್ಬರೇ ಉಳಿಯೋದಂತೆ.

ಮನಸ್ಸು ಹಗುರಾಗಲಿ ಅಂತ ಲಂಚ್ ಹೊತ್ತಲ್ಲಿ ಆ ಬಾರದ ಉತ್ತರ ನಾನೇ ಕಟ್ಟಿ ಹೇಳಿದೆ. 'ನಿನ್ನ ಹೆಂಡತಿ ದೀಪ ಹಚ್ಚಿ ಬಾಗಿಲಲ್ಲಿ ಕೂತಿದ್ದಾಳೆ. ಬಂದರಿಗೆ ಹಡಗು ಬರುತ್ತೆ, ಹೊರಡು.' ಮಧು ಹೂಂ, ಹೂಂ ಅಂತಿದ್ದವನು ತಡೆದ.
"ನಿಜವಾಗ್ಲೂ ಸಿಕ್ತಾ ಭಾವ, ಆ ಕಾಗದ?"
"ಹೂಂಗುಟ್ಟೋನು ನಡುವೆ ಪ್ರಶ್ನೆ ಕೇಳಬಾರದು ಕಣೋ."
ಅಜ್ಜಿ ನಮಗೆ ಹಾಕಿದ್ದ ಕಟ್ಟಳೆ. ಹೂಂಗುಟ್ಟೋನಿಲ್ಲದಿದ್ರೆ ಕಥೆ ದಾರಿ ತಪ್ಪುತ್ತೆ ಅನ್ನೋಳು.

ಏಪ್ರಿಲ್ 11
ರಜ. ಬಾಕಿ ಕಾಗದ ಮುಗಿಸಲಿ ಅಂತ ಮಧುಗೆ ನನ್ನ ಪಾಸ್‌ವರ್ಡ್ ಕೊಟ್ಟೆ. ಬೆಳಿಗ್ಗೆ ಹತ್ತೂವರೆಗೆ ಬಿಂದು ಜೊತೆ ಆಸ್ಪತ್ರೆ. ಮಗುವಿನ ಎದೆಬಡಿತ ಕೇಳಿಸಿದರು. ಕುದುರೆ ಓಡಿದ ಹಾಗೆ! ಗವರ್ನರನಿಗೆ ಕೊನೆಗೂ ಒಂದು ಕುದುರೆ ಸಿಕ್ತು ಅಂದೆ. ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡಳು. ಅಪಾಯಿಂಟ್‌ಮೆಂಟ್ ಚೀಟಿ ಪರ್ಸಿನಲ್ಲಿಟ್ಟೆ. ನೆನಪಿಗಿರಲಿ.

ಏಪ್ರಿಲ್ 20
ಕಾಗದದ ಹೊಸ ಕಟ್ಟು. ಗವರ್ನರನ ಪಂಕ್ತಿಯಲ್ಲೇ ಉಣ್ಣುತ್ತಿದ್ದ ಕ್ಯಾಪ್ಟನ್ ಗುಟ್ಟಾಗಿ ವೈಸರಾಯ್‌ಗೆ ಬರೆದದ್ದು. ಕಾಯಿಲೆ ಬರೀ ನಾಟಕ, ನಂಬಬೇಡಿ. ಮಧುಗೆ ಹೇಳಿದೆ. "ಎಂಥ ಬಡ್ಡಿಮಗ ಭಾವ ಅವನು!" ಅಂದ.

ಮೇ 3
ಮ್ಯೂಸಿಯಂನವರು ಕೇಳಿದ್ದಾರೆ— ಹೆಂಡತಿ, ದೀಪ, ಹಡಗು... ಈ ಕಾಗದದ ಮೂಲ ಎಲ್ಲಿ? ಸಾರಾಂಶ ನನ್ನ ಹೆಸರಲ್ಲಿದೆ. ಟೈಪಾದದ್ದು ಏಪ್ರಿಲ್ 11, ಬೆಳಿಗ್ಗೆ 10.52.

ಮ್ಯಾನೇಜರಮ್ಮ ಇಬ್ಬರನ್ನೂ ಕೂರಿಸಿದಳು. ಮಧು ನನ್ನ ಕಡೆ ನೋಡಲಿಲ್ಲ. "ಅವರು ಕಥೆ ಕಟ್ತಾರೆ. ದಿನಾ ಲಂಚ್ ಹೊತ್ತಲ್ಲಿ. ಆಫೀಸಿಗೆಲ್ಲ ಗೊತ್ತು," ಅಂದ, ಇಂಗ್ಲಿಷಿನಲ್ಲಿ. ಸುಳ್ಳಲ್ಲ. ಟೈಪ್ ಮಾಡಿದ್ದು ಯಾರು ಅನ್ನೋದನ್ನ ಬಿಟ್ಟ, ಅಷ್ಟೆ.

ನಿಜ ಬಾಯಿತನಕ ಬಂತು. ಬಿಂದು ಮುಖ ಅಡ್ಡ ನಿಂತಿತು. ಸೋಮವಾರದೊಳಗೆ ವಿವರಣೆ ಬರೆದುಕೊಡಬೇಕು.

ಮೇ 4
ಪಾರ್ಕಿಂಗ್ ಲಾಟಿನಲ್ಲಿ ಮಧುನ ಹಿಡಿದೆ.
"ನಿಜ ಅಂದ್ಕೊಂಡೇ ಹಾಕ್ದೆ ಭಾವ. ಮೂಲ ನಿಮ್ಮ ಹತ್ರ ಇರುತ್ತೆ ಅಂತ."
"ಅದನ್ನ ನಿನ್ನೆ ಹೇಳಬಹುದಿತ್ತಲ್ಲೋ?"
"ನಿಮಗೆ ಎಕ್ಸ್‌ಪೀರಿಯನ್ಸ್ ಇದೆ, ಎಲ್ಲಾದ್ರೂ ಸಿಗುತ್ತೆ. ನನ್ನ ವೀಸಾ..."
"ನನ್ನದೂ ಇದೇ ಕಂಪನಿ ವೀಸಾ. ಕೆಲಸ ಹೋದ್ರೆ ಅದೂ ಹೋಯ್ತು, ಏಳು ತಿಂಗಳ ಬಸುರೀನ ವಿಮಾನ ಹತ್ತಿಸಲಾ?"
ಕಾರಿನ ಕೀ ತಿರುವುತ್ತಾ ನಿಂತ. "ಅಕ್ಕಂಗೆ ಹೇಳ್ಬೇಡಿ."

ಮೇ 6, ಭಾನುವಾರ
ಮಧು ಎಂದಿನಂತೆ ಊಟಕ್ಕೆ ಬಂದ. ಮುದ್ದೆ, ಬಸ್ಸಾರು. ಎರಡನೇ ಮುದ್ದೇನೂ ಇಳಿಯಿತು ಅವನಿಗೆ.

ನಾನು ಕೈ ತೊಳೆಯೋಕೆ ಎದ್ದಾಗ ಅಕ್ಕನಿಗೆ ತಾನೇ ಶುರು ಮಾಡಿದ. ಭಾವ ಲಂಚ್ ಹೊತ್ತಲ್ಲಿ ಒಂದು ಕಥೆ ಹೇಳಿದ್ರು ಅಕ್ಕ, ಮರೆತು ಅದನ್ನೇ ಕಂಪ್ಯೂಟರಿಗೂ ಹಾಕಿಬಿಟ್ರು, ಈಗ ಆಫೀಸಲ್ಲಿ ಗಲಾಟೆ... ಚೆನ್ನಾಗಿ ಹೇಳಿದ. ಎಲ್ಲಿ ನಿಲ್ಲಿಸಬೇಕು, ಎಲ್ಲಿ ದನಿ ಇಳಿಸಬೇಕು, ಎಲ್ಲ ನನ್ನಿಂದ ಕಲಿತದ್ದೇ.

ಬಿಂದು ಸೌಟು ಹಿಡಿದೇ ತಿರುಗಿದಳು. "ಹೌದೇನ್ರೀ?"

ಮಧು ತಟ್ಟೆ ನೋಡ್ತಿದ್ದ.

"ಹೂಂ," ಅಂದೆ.

ಅವನು ಹೋದ. ಬಿಂದು ಮಲಗಿದ್ದಾಳೆ. ವಿವರಣೆ ಬರೆಯಲು ಕೂತೆ. 'ಮಾನ್ಯರೆ' ಆಯಿತು. ಪರ್ಸಿನಿಂದ ಚೀಟಿ ತೆಗೆದು ಮುಂದಿಟ್ಟುಕೊಂಡಿದ್ದೇನೆ. ಹತ್ತೂವರೆ, ಏಪ್ರಿಲ್ 11. ಟೈಪಾದ ಹೊತ್ತಿಗೆ ನಾನು ಆಫೀಸಲ್ಲಿರಲಿಲ್ಲ ಅನ್ನೋದಕ್ಕೆ ಸಾಕ್ಷಿ. ಇದನ್ನ ಜೊತೆಗಿಟ್ಟರೆ ಮಧು— ಇಡದಿದ್ದರೆ ನಾವು ಮೂರು ಜನ—

ಬಿಂದು ಎದ್ದಳು. "ಏನ್ರೀ ಅದು, ಆಸ್ಪತ್ರೆ ಚೀಟಿ ಯಾಕೆ—" ಅಂತ ಇತ್ತಲೇ ಬರ್ತಿದ್ದಾಳೆ, ಪುಸ್ತಕ ಮುಚ್ಚಬೇಕು.