ಒಂದು ಅಲ್ಪವಿರಾಮ, ಮೂರು ಕೂಗು

ಮಾನ್ಯ ಶಿಬಿರಾಧಿಕಾರಿಗಳೇ,

ತಮ್ಮ ಕಡತದಲ್ಲಿ ವಾರೆನ್ ರಸೆಲ್ ಎಂಬ ಎಪ್ಪತ್ತೈದು ವರ್ಷದ ಮಾಜಿ ಯೋಧರ ಹೆಸರಿನ ಮುಂದೆ ‘ನೆರವು ನಿರಾಕರಿಸಿದ್ದಾರೆ’ ಎಂದು ಬರೆದಿದೆ. ಅದು ಸುಳ್ಳು. ಅವರು ಏನನ್ನೂ ನಿರಾಕರಿಸಲಿಲ್ಲ. ಬೆಳಗಿನ ಏಳೂವರೆಯಿಂದ ಸಂಜೆ ನಾಲ್ಕೂವರೆಯವರೆಗೆ ಮಡಚುವ ಕುರ್ಚಿಯ ಮೇಲೆ, ಟೋಪಿಯನ್ನು ಮೊಣಕಾಲಿಗೆ ಸಿಕ್ಕಿಸಿಕೊಂಡು, ತಮ್ಮ ಹೆಸರು ಕೇಳಿಬರಲಿ ಎಂದು ಕಾದರು. ಕೇಳಿಬರಲಿಲ್ಲ. ಅದನ್ನು ಕೂಗಬೇಕಾಗಿದ್ದವನು ನಾನು. ಆದ್ದರಿಂದ ಈ ಪತ್ರದಲ್ಲಿ ಅಪರಾಧಿಗಳು ಇಬ್ಬರು, ತಾವು ಮತ್ತು ನಾನು. ನಾನು ನನ್ನ ತಪ್ಪು ಒಪ್ಪಿಕೊಂಡು ಐದು ತಿಂಗಳಾಯಿತು. ತಮ್ಮದಕ್ಕಾಗಿ ಕಾಯುತ್ತಿದ್ದೇನೆ.

ಈ ಮಾತನ್ನೇ ನನ್ನ ಮಗಳು ಆರತಿ ಇಂಗ್ಲಿಷಿನಲ್ಲಿ ಬರೆದು ತಮಗೆ ಮೂರು ಸಲ ಕಳಿಸಿದ್ದಾಳೆ. ಎರಡು ಸಲ ತಮ್ಮ ಕಚೇರಿಯ ಯಂತ್ರ ಧನ್ಯವಾದ ಹೇಳಿತು. ಮೂರನೆಯ ಸಲ ಮನುಷ್ಯರೇ ಬರೆದರು. ಆ ಉತ್ತರಕ್ಕೆ ಆಮೇಲೆ ಬರುತ್ತೇನೆ. ಇನ್ನು ನನಗೆ ಉಳಿದಿರುವುದು ನನ್ನ ಭಾಷೆ ಮತ್ತು ನಮ್ಮ ಕನ್ನಡ ಕೂಟದ ಈ ಪತ್ರಿಕೆ. ಅಂದು ತಮ್ಮ ಮೇಳದಲ್ಲಿ ನನ್ನ ಜೊತೆ ಊಟ ಬಡಿಸಲು ನಿಂತವರೆಲ್ಲ ಇದರ ಓದುಗರೇ. ಒಂದು ಅಕ್ಷರ ಸುಳ್ಳಾಡಿದರೂ ಫೋನು ಮಾಡುತ್ತಾರೆ.

ಮೊದಲು ನನ್ನ ಗಂಟಲಿನ ಕಥೆ ಹೇಳಬೇಕು, ಏಕೆಂದರೆ ಅನಾಹುತವಾದದ್ದು ಅದರಿಂದಲೇ. ನಾನು ಹುಟ್ಟಿದ್ದು ನಾಟಕ ಕಂಪನಿಯ ಡೇರೆಯಲ್ಲಿ. ಅವ್ವ ಕಮಲವ್ವ ರಂಗದ ಮೇಲೆ ದ್ರೌಪದಿ. ಪರದೆಯ ಹಿಂದೆ ನನ್ನ ತೊಟ್ಟಿಲು ತೂಗುವವಳೂ ಅವಳೇ. ಅಪ್ಪ ಅಡಿವೆಪ್ಪ ಕಂಪನಿಯ ಕೂಗುವವ. ಟಾಂಗಾದಲ್ಲಿ ಕುಳಿತು, ತಗಡಿನ ಕೊಳವೆಯನ್ನು ಬಾಯಿಗೆ ಹಿಡಿದು, ಊರ ಓಣಿ ಓಣಿಯಲ್ಲಿ ಇಂದಿನ ಆಟ ಯಾವುದು, ಪಾತ್ರಧಾರಿಗಳು ಯಾರು ಎಂದು ಸಾರುತ್ತಿದ್ದ. ಪಾತ್ರ ಮಾಡುವ ಮಾಸ್ತರರ ಹೆಸರು ಹಿಂದುಮುಂದಾಗದಂತೆ ನನ್ನಿಂದ ನೂರು ಸಲ ಹೇಳಿಸುತ್ತಿದ್ದ. “ಹೆಸರು ತಪ್ಪಿ ಕರದ್ರ ಬ್ಯಾರೆ ಮನಿ ಬಾಗಲಾ ತೆರೀತೈತಿ, ತಮ್ಮಾ” ಎನ್ನುವುದು ಅವನ ಮಾತು.

ಅಂಥ ಅಪ್ಪನ ಮಗ ಈ ದೇಶಕ್ಕೆ ಬಂದಾಗ ಏನಾಯಿತು ಗೊತ್ತೇ? ನನ್ನ ಹೆಸರು ಶಿವರಾಜ. ಅಪ್ಪನ ಹೆಸರನ್ನು ಅರ್ಜಿಯ ಯಾವುದೋ ಮನೆಯಲ್ಲಿ ತುಂಬಿದೆ. ಅಂದಿನಿಂದ ಮೂವತ್ತೊಂದು ವರ್ಷ ರೆಡ್‌ವುಡ್ ಸಿಟಿಯ ಆಫೀಸಿನಲ್ಲೂ ಆಸ್ಪತ್ರೆಯಲ್ಲೂ ಬ್ಯಾಂಕಿನಲ್ಲೂ ನಾನು ಅಡಿವೆಪ್ಪ. ಸತ್ತ ಅಪ್ಪನನ್ನು ಕರೆಯುತ್ತಾರೆ, ನಾನು ಎದ್ದು ಹೋಗುತ್ತೇನೆ. ಇದನ್ನು ಓದುವ ಕನ್ನಡಿಗರಲ್ಲಿ ಅರ್ಧ ಜನ ಈಗ ತಲೆದೂಗುತ್ತಿರುತ್ತಾರೆ. ಹೆಸರು ತಿರುವುಮುರುವಾದರೆ ಏನಾಗುತ್ತದೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತಿರಬೇಕಿತ್ತು?

ಹೋದ ಅಕ್ಟೋಬರಿನಲ್ಲಿ ಮನೆಯಿಲ್ಲದ ಮಾಜಿ ಯೋಧರಿಗಾಗಿ ತಾವು ನಡೆಸಿದ ಮೇಳಕ್ಕೆ ನಮ್ಮ ಕೂಟವೂ ಬಂತು. ಮೈದಾನ ತುಂಬ ಡೇರೆ. ಒಂದರಲ್ಲಿ ಹಲ್ಲಿನ ಡಾಕ್ಟರು, ಒಂದರಲ್ಲಿ ಕ್ಷೌರ, ಒಂದರಲ್ಲಿ ಹೊಸ ಬೂಟು. ಕೊನೆಯ ಬಿಳಿ ಡೇರೆಯಲ್ಲಿ, ಬಾಡಿಗೆಗೆ ನೆರವು ಸಿಗುವ ಮನೆಗಾಗಿ ಸಂದರ್ಶನ. ಅದೇ ಗರ್ಭಗುಡಿ, ಉಳಿದದ್ದೆಲ್ಲ ಪ್ರಾಕಾರ. ಡೇರೆ ಕಂಡು ನನಗೆ ಕಂಪನಿಯ ದಿನಗಳೇ ನೆನಪಾದವು, ಎದೆ ಉಬ್ಬಿತು. ತಮ್ಮ ಧ್ವನಿವರ್ಧಕ ಎಂಟು ಗಂಟೆಗೇ ಕೈಕೊಟ್ಟಿತು. ಯಾರೋ ನನ್ನ ಗಂಟಲಿನ ಖ್ಯಾತಿ ತಮ್ಮ ಕಿವಿಗೆ ಹಾಕಿದರು. ತಾವೇ ಬಂದು, ಬಿಳಿ ಡೇರೆಯ ಪಟ್ಟಿಯನ್ನು ನನ್ನ ಕೈಗಿಟ್ಟು, ಪ್ರತಿ ಹೆಸರನ್ನೂ ಮೂರು ಸಲ ಕೂಗಿ ಎಂದಿರಿ. ಮೂರಕ್ಕೂ ಬಾರದವರ ಮುಂದೆ ಗೆರೆ. ಆ ಗೆರೆಯ ಅರ್ಥವೇನೆಂದು ತಾವು ಹೇಳಲಿಲ್ಲ. ನಾನೂ ಕೇಳಲಿಲ್ಲ.

ಪಟ್ಟಿಯಲ್ಲಿ ಮನೆತನದ ಹೆಸರು ಮೊದಲು, ಒಂದು ಅಲ್ಪವಿರಾಮ, ಆಮೇಲೆ ಅವರ ಸ್ವಂತ ಹೆಸರು. ಅಲ್ಪವಿರಾಮ ನನಗೆ ಕಾಣಲಿಲ್ಲ ಎಂದು ಹೇಳಿ ತಪ್ಪಿಸಿಕೊಳ್ಳಬಹುದಿತ್ತು. ಕಂಡಿತ್ತು, ಮಾನ್ಯರೇ. ನಾಟಕದ ಪ್ರತಿಯಲ್ಲಿ ಅಲ್ಪವಿರಾಮ ಎಂದರೆ ಉಸಿರೆಳೆದುಕೊಳ್ಳುವ ಜಾಗ. ನಾನು ಎದೆ ತುಂಬ ಉಸಿರೆಳೆದುಕೊಂಡೆ. “ರಸೆಲ್…” ಎಂದು ದಿಕ್ಕುಗಳು ಮೊಳಗುವಂತೆ ಕೂಗಿ, ನಿಲ್ಲಿಸಿ, “ವಾರೆನ್!” ಎಂದು ಮುಗಿಸಿದೆ. ಮೂರು ಸಲ. ಯಾರೂ ಬರಲಿಲ್ಲ. ಗೆರೆ ಎಳೆದೆ.

ಉಳಿದವರು ತಮ್ಮ ತಿರುಚಿದ ಹೆಸರಿಗೆ ನಗುತ್ತಲೇ ಎದ್ದು ಬಂದರು. ನಲವತ್ತು ಹೆಸರು ಆದ ಮೇಲೆ ನಮ್ಮ ಕೂಟದ ಶೈಲಜಾ ಕಾಫಿ ತಂದುಕೊಟ್ಟು, ಪಟ್ಟಿಯತ್ತ ಬಗ್ಗಿ ನೋಡಿ, “ಅಂಕಲ್, ಇದು ಲಾಸ್ಟ್ ನೇಮು ಮೊದ್ಲು ಅಲ್ವಾ? ಕಾಮಾ ಇದೆಯಲ್ಲ” ಎಂದಳು. ಮುಂದಿನ ಹೆಸರುಗಳನ್ನು ಸರಿಯಾಗಿ ಕೂಗಿದೆ. ಹಿಂದಿನ ಗೆರೆಯ ಕಡೆ ತಿರುಗಿ ನೋಡಲಿಲ್ಲ. ಈ ಒಂದು ವಾಕ್ಯ ಬರೆಯಲು ನನಗೆ ಐದು ತಿಂಗಳು ಹಿಡಿದಿದೆ.

ವಾರೆನ್ ಅವರನ್ನು ಮಧ್ಯಾಹ್ನವೇ ನಾನು ಮಾತಾಡಿಸಿದ್ದೆ, ಹೆಸರು ತಿಳಿಯದೆ. ಸೈನ್ಯದಲ್ಲಿ ಅಡುಗೆಯವರಾಗಿದ್ದರಂತೆ, ವಿಯೆಟ್ನಾಮಿನಲ್ಲಿ ದಿನಕ್ಕೆ ಇನ್ನೂರು ಜನರ ಹೊಟ್ಟೆ ಅವರ ಸೌಟಿನಲ್ಲಿತ್ತು. ನಮ್ಮ ಗೌರಮ್ಮನವರ ಉಪ್ಪಿಟ್ಟನ್ನು ಚಮಚದಲ್ಲಿ ಎತ್ತಿ, ತಿರುಗಿಸಿ ನೋಡಿ, ಇದರಿಂದ ಡೇರೆಯ ತೂತು ಮುಚ್ಚಬಹುದು ಎಂದರು. ನಾನು ಅದನ್ನು ಕನ್ನಡಕ್ಕೆ ತಂದು ಗೌರಮ್ಮನವರಿಗೆ ಮುಟ್ಟಿಸಿದೆ. ಅವರು ಸೌಟು ಕೆಳಗಿಡದೆ, “ಎರಡನೇ ಸಲ ಹಾಕಿಸ್ಕೊಂಡೋರು ಮಾತಾಡಬಾರದು ಅಂತ ಹೇಳಿ ಅವರಿಗೆ” ಎಂದರು. ಅದನ್ನೂ ಮುಟ್ಟಿಸಿದೆ. ಅವರು ನಕ್ಕು ಮೂರನೆಯ ಸಲ ತಟ್ಟೆ ಚಾಚಿದರು.

ನಾಲ್ಕೂವರೆಗೆ ಕುರ್ಚಿ ಮಡಚುತ್ತ ಬಂದಾಗ ಒಂದು ಕುರ್ಚಿಯಲ್ಲಿ ಒಬ್ಬರು ಇನ್ನೂ ಕೂತಿದ್ದರು. ಅವರೇ. ನನ್ನ ಹೆಸರು ಇನ್ನೂ ಬಂದಿಲ್ಲವಲ್ಲ ಎಂದು ಮೆಲ್ಲಗೆ ಕೇಳಿದರು. ಏನು ಹೆಸರು ಎಂದೆ. ಹೇಳಿದರು. ಪಟ್ಟಿ ಬಿಡಿಸಿ ನೋಡಿದೆ, ಆ ಹೆಸರಿನ ಮುಂದೆ ನಾನೇ ಎಳೆದ ಗೆರೆ. ಬೆಳಿಗ್ಗೆ ಕೂಗಿದಾಗ ಕೇಳಿಸಲಿಲ್ಲವೇ ಎಂದೆ. ಕೇಳಿಸಿತು ಎಂದರು. ಅವರು ಇಂಗ್ಲಿಷಿನಲ್ಲಿ ಹೇಳಿದ್ದನ್ನು ನನಗೆ ಬಂದಂತೆ ಇಲ್ಲಿ ಇಡುತ್ತೇನೆ, ಕಿವಿಗೊಟ್ಟು ಕೇಳಬೇಕು:

“ನೀವು ರಸೆಲ್ ಅಂದಾಗ ಅರ್ಧ ಎದ್ದೆ. ಆಮೇಲೆ ವಾರೆನ್ ಅಂದಿರಿ. ರಸೆಲ್ ವಾರೆನ್ ಅನ್ನೋನು ಇನ್ಯಾರೋ ಇರಬೇಕು, ಅವನೂ ಕಾಯ್ತಾ ಇರ್ತಾನೆ, ಅವನ ಸರದಿ ನಾನು ತಗೊಬಾರದು ಅಂತ ಕೂತೆ.”

ನನ್ನ ಆ ಭವ್ಯವಾದ ವಿರಾಮದಲ್ಲಿ, ಮಾನ್ಯರೇ, ಒಬ್ಬ ಮನುಷ್ಯ ಅರ್ಧ ಎದ್ದು ನಿಂತಿದ್ದ. ಉಳಿದರ್ಧ ಏಳದಂತೆ ಅವನನ್ನು ಕೂರಿಸಿದ್ದು ಅವನ ಸಭ್ಯತೆ. ಅದಕ್ಕೆ ತಮ್ಮ ಕಡತದಲ್ಲಿ ಇರುವ ಹೆಸರು ನಿರಾಕರಣೆ.

ಅವರ ಕೈಹಿಡಿದು ಬಿಳಿ ಡೇರೆಗೆ ಓಡಿದೆ. ತಾವು ಅಲ್ಲೇ ಇದ್ದಿರಿ. ತಪ್ಪು ನನ್ನದೆಂದು ತಮ್ಮೆದುರು ಕೈಮುಗಿದೆ. ತಾವು ನಯವಾಗಿಯೇ ನುಡಿದಿರಿ, ಪಟ್ಟಿ ಮುಚ್ಚಿದೆ, ಕಂಪ್ಯೂಟರಿಗೆ ಹೋಗಿದೆ, ಮುಂದಿನ ಮೇಳದಲ್ಲಿ ಹೊಸದಾಗಿ ಅರ್ಜಿ ಹಾಕಲಿ ಎಂದು. ಆರತಿಯ ಮೂರನೆಯ ಪತ್ರಕ್ಕೆ ಬಂದ ಉತ್ತರವೂ ಅದೇ, ಜೊತೆಗೆ ಒಂದು ಸಾಲು: ವ್ಯಕ್ತಿಯು ಸ್ವಇಚ್ಛೆಯಿಂದ ನೆರವು ನಿರಾಕರಿಸಿರುವುದರಿಂದ ಅವರ ಆಯ್ಕೆಯನ್ನು ಕಚೇರಿ ಗೌರವಿಸುತ್ತದೆ. ಆಹಾ, ಎಂಥ ಗೌರವ! ಹತ್ತೊಂಬತ್ತನೆಯ ವಯಸ್ಸಿನಲ್ಲಿ ಯುದ್ಧಕ್ಕೆ ಕಳಿಸುವಾಗ ಅವರ ಆಯ್ಕೆಯನ್ನು ಯಾರಾದರೂ ಇಷ್ಟು ಗೌರವಿಸಿದ್ದರೇ? ಆಗ ಹೆಸರು ತಪ್ಪದೆ, ವಿಳಾಸ ತಪ್ಪದೆ ಕರೆ ಬಂದಿತ್ತಲ್ಲ?

ಆಮೇಲೆ ಪ್ರತಿ ಭಾನುವಾರ ನಾನು ಓಕ್ಲ್ಯಾಂಡಿಗೆ ಹೋಗತೊಡಗಿದೆ. ಬಂದರಿನ ಹತ್ತಿರ, ಕಂಟೇನರ್ ಲಾರಿಗಳು ಓಡಾಡುವ ರಸ್ತೆಯ ಬದಿಯಲ್ಲಿ, ಒಂದು ಹಳೆಯ ವ್ಯಾನಿನಲ್ಲಿ ವಾರೆನ್ ಅವರ ಒಂಟಿ ಸಂಸಾರ. ಸ್ಟೀಲಿನ ಡಬ್ಬಿಯಲ್ಲಿ ಊಟ ಒಯ್ಯುತ್ತಿದ್ದೆ. ಅವರು ಉಪ್ಪು, ಹುಳಿಯ ತಪ್ಪು ಹಿಡಿಯುತ್ತ ತಿನ್ನುತ್ತಿದ್ದರು. ಮೊದಲ ಭಾನುವಾರವೇ, ನಿಮ್ಮ ಎರಡು ಹೆಸರಿನಲ್ಲಿ ನಿಮ್ಮದು ಯಾವುದು ಎಂದು ಕೇಳಿದರು. ಮೂವತ್ತೊಂದು ವರ್ಷದಲ್ಲಿ ಮನೆಯ ಹೊರಗೆ ಹಾಗೆ ಕೇಳಿದವರು ಅವರೊಬ್ಬರೇ. ಹೇಳಿದೆ. ಶಿ-ವ-ರಾ-ಜ ಎಂದು ನಾಲ್ಕು ಸಲ ಬಾಯಿಪಾಠ ಮಾಡಿದರು. ನನ್ನ ಮೇಲೆ ಸಿಟ್ಟಿಲ್ಲವೇ ಎಂದು ಒಮ್ಮೆ ಕೇಳಿದೆ. “ನೀವು ಕೂಗಿದ್ದು ಚೆನ್ನಾಗಿತ್ತು, ಹೆಸರೊಂದು ನನ್ನದಾಗಿರಲಿಲ್ಲ ಅಷ್ಟೇ” ಎಂದರು. ಜನವರಿಯ ಚಳಿಗೆ ಕೆಮ್ಮು ಶುರುವಾಗಿತ್ತು. ಮುಂದಿನ ಮೇಳದ ತನಕ ತಡೆದುಕೊಂಡರೆ ಸಾಕು ಎನ್ನುತ್ತಿದ್ದರು.

ಫೆಬ್ರವರಿಯ ಎರಡನೆಯ ಭಾನುವಾರ ಹೋದೆ. ವ್ಯಾನು ಇರಲಿಲ್ಲ. ನಿಂತಿದ್ದ ಜಾಗದಲ್ಲಿ ಎಣ್ಣೆಯ ಕಲೆ ಮಾತ್ರ. ರಸ್ತೆ ತೆರವು ಮಾಡುವವರು ಎಳೆದೊಯ್ದರು ಎಂದು ಪಕ್ಕದ ಗಾಡಿಯಲ್ಲಿ ವಾಸವಿದ್ದ ಹೆಂಗಸು ಹೇಳಿದಳು. ಅವರು ಒಂದು ಚೀಲ ಹೆಗಲಿಗೇರಿಸಿ ನಡೆದು ಹೋದರಂತೆ, ಎಲ್ಲಿಗೆಂದು ಹೇಳಲಿಲ್ಲವಂತೆ. ಆಮೇಲೆ ಆಕೆ ಒಳಗೆ ಹೋಗಿ ನನ್ನ ಡಬ್ಬಿ ತಂದುಕೊಟ್ಟಳು. ತೊಳೆದಿತ್ತು. ಮುಚ್ಚಳದ ಮೇಲೆ ಟೇಪು ಅಂಟಿಸಿ, ಯಾರಿಗೆ ತಲುಪಿಸಬೇಕೆಂದು ಬರೆದಿದ್ದರು: ಶಿವರಾಜ. ಒಂದು ಅಕ್ಷರ ತಪ್ಪಿರಲಿಲ್ಲ.

ಅಂದಿನಿಂದ ಆಸ್ಪತ್ರೆ, ಊಟದ ಸಾಲು, ಸ್ಯಾನ್ ಫ್ರಾನ್ಸಿಸ್ಕೋದ ತಂಗುದಾಣಗಳನ್ನೆಲ್ಲ ಸುತ್ತಿದ್ದೇನೆ. ಸಿಕ್ಕಿಲ್ಲ. ತಮ್ಮ ಕಚೇರಿಗೆ ಹುಡುಕಿಕೊಡಿ ಎಂದರೆ, ನೆರವು ನಿರಾಕರಿಸಿದವರನ್ನು ಹುಡುಕುವ ನಿಯಮವಿಲ್ಲವಂತೆ. ಈ ಮಧ್ಯೆ ತಮ್ಮಿಂದ ನನಗೊಂದು ಪ್ರಶಸ್ತಿಪತ್ರ ಬಂದಿದೆ, ‘ಸ್ಪಷ್ಟ ಧ್ವನಿಯ ಸೇವೆಗಾಗಿ’. ಕೊಟ್ಟಿರುವುದು ಅಡಿವೆಪ್ಪನಿಗೆ. ಸತ್ತವನಿಗೆ ಅದು ಬೇಡ, ಹಿಂದಿರುಗಿಸಿದ್ದೇನೆ.

ನನ್ನ ಬೇಡಿಕೆ ಇಷ್ಟೇ. ‘ನಿರಾಕರಿಸಿದ್ದಾರೆ’ ಎಂಬ ಪದವನ್ನು ಹೊಡೆದುಹಾಕಿ, ‘ಕರೆಯಲಿಲ್ಲ’ ಎಂದು ಬರೆಯಿರಿ. ಅವರ ಜಾಗವನ್ನು ಪಟ್ಟಿಯಲ್ಲಿ ಎಲ್ಲಿತ್ತೋ ಅಲ್ಲಿಗೆ ಮರಳಿಸಿ, ಅವರನ್ನು ಹುಡುಕಿಸಿ. ಏಪ್ರಿಲ್ ಮೇಳದಲ್ಲಿ ಬಿಳಿ ಡೇರೆಯೆದುರು ಒಂದು ಕುರ್ಚಿಯನ್ನು ಖಾಲಿ ಇಡಿ. ನಾನು ಬರುತ್ತೇನೆ, ಒಂದೇ ಹೆಸರಿಗಾಗಿ. ವಾರೆನ್ ರಸೆಲ್. ನಡುವೆ ಉಸಿರು ತೆಗೆದುಕೊಳ್ಳುವುದಿಲ್ಲ. ಮೂರು ಕೂಗಿಗೆ ನಿಲ್ಲಿಸುವುದೂ ಇಲ್ಲ. ಎಲ್ಲಿದ್ದರೂ ಈ ಸಲ ಅವರಿಗೆ ಅನುಮಾನ ಬರಬಾರದು, ಇದು ತನ್ನ ಸರದಿಯೋ ಅಲ್ಲವೋ ಎಂದು.

ಇಂತಿ,
ಅಲ್ಪವಿರಾಮವನ್ನು ಉಸಿರೆಂದು ತಿಳಿದ ತಪ್ಪಿತಸ್ಥ,
ಶಿವರಾಜ
ತಮ್ಮ ದಾಖಲೆಗಳಲ್ಲಿ, ಅಡಿವೆಪ್ಪ